ಮೂಸಿದ ಹೂ

ಮಗಳು ಕಾಜಲ್‌ಳ ಎರಡನೇ ಬಾಣಂತನಕ್ಕೆಂದು ಮೂಡಲಗಿಗೆ ಹೊರಟ ಹತ್ತರಗಿಯ ಭರಮವ್ವ, ಗಂಡ ಭೀಮಶಿಗೆ ಒಂದೇ ಕೆಲಸ ಹೇಳಿ ಹೋಗಿದ್ದಳು: ಬಾವಿ ಬಾಜೂಕಿನ ನಿಶಿಗಂಧ ಕೊಯ್ದು ಗೋಕಾಕದ ಚರ್ಚಿಗೆ ಮುಟ್ಟಿಸುವುದು. ಆ ಸುಗಂಧರಾಜದ ಮಡಿ ಆಕೆಯದೇ. ಗಡ್ಡೆ ಹಚ್ಚಿದ್ದು, ಕಸ ತೆಗೆದದ್ದು ಎಲ್ಲ ಆಕೆಯೇ. ಭೀಮಶಿಗೆ ಅದರ ಉಸಾಬರಿ ಇರಲಿಲ್ಲ.

ಮೊದಲ ದಿನವೇ ಕಿರಿಕಿರಿಯಾಯಿತು. ಚರ್ಚಿನ ಎಳೆವಯಸ್ಸಿನ ಸಿಸ್ಟರ್ ಬುಟ್ಟಿಯ ಒದ್ದೆ ಅರಿವೆ ಸರಿಸಿ, ಒಂದು ಕಡ್ಡಿ ಎತ್ತಿ, ಕಣ್ಣು ಮುಚ್ಚಿ ಮೂಸಿದಳು.

"ಏ ಏ, ಏನ್ ಮಾಡಾಕತ್ತೀರಿ? ದೇವರಿಗೆ ಏರಿಸೂ ಹೂ ಮೂಸ್ತಾರೇನ್ರಿ? ಸಾಲಿ ಕಲತವ್ರು ನೀವು!" ಎಂದು ಭೀಮಶಿ ಗದರಿದ.

ಸಿಸ್ಟರ್ ಮುಖ ಸಣ್ಣದಾಯಿತು. ಏನೋ ಹೇಳಹೋಗಿ ಬಿಟ್ಟಳು.

ಮುಂದಿನ ಬುಧವಾರ ಹೋದರೆ ಆಕೆಯ ಹಣೆಯ ಮೇಲೆ ಬೂದಿ. ಒಳಗೆ ಬಲಿಪೀಠ ಬೋಳು.

"ಕಾಕಾ, ಇವತ್ತಿಂದ ಹೂ ಬ್ಯಾಡ್ರಿ. ತಪಸ್ಸು ಕಾಲ. ಭರಮವ್ವಾರಿಗೆ ಗೊತ್ತೈತಿ, ಕೇಳ್ರಿ."

ಭೀಮಶಿ ಕೇಳಲಿಲ್ಲ. ಕೇಳಿದರೆ ಬೈದದ್ದೂ ಹೊರಬೀಳುತ್ತದಲ್ಲ. 'ಒಂದು ಮಾತು ಅಂದದ್ದಕ್ಕ ಬೂದಿ ಬಡಕೊಂಡು ತಪಸ್ಸಿಗೆ ಕುಂತಾಳ!' ಎಂದು ಗೊಣಗುತ್ತ ಮನೆಗೆ ಬಂದ. ಬೇಡಾದ ಹೂವಿಗೆ ನೀರೇಕೆ? ಮರುದಿನ ಗಡ್ಡೆ ಕಿತ್ತು ಬದುವಿಗೆ ಒಗೆದು ಬದನೆ ಸಸಿ ಹಚ್ಚಿದ.

ಗಡ್ಡೆಗಳು ಬಿಸಿಲಿಗೆ ಸುಕ್ಕಿದ ಮೇಲೆ ಭರಮವ್ವನ ಫೋನ್ ಬಂತು.

"ಹೂ ಒಯ್ಯೂ ಕೆಲಸ ತಪ್ಪಿತು, ಆರಾಮ ಆತಲ್ಲ ನಿಮಗ?" ಎಂದು ನಕ್ಕಳು. "ಹಣಿಗೆ ಬೂದಿ ಹಚ್ಚಿಕೊಂಡ ಬುಧವಾರದಿಂದ ತಪಸ್ಸು ಮುಗಿಯೂಮಟ ಅವರು ದೇವರ ಮುಂದ ಹೂ ಇಡಂಗಿಲ್ರಿ. ಈಸ್ಟರಿಗೆ ಒಮ್ಮಿಗೇ ಗುಡಿ ತುಂಬ ಇಡ್ತಾರ. ನೀರ ತಪ್ಪಿಸಬ್ಯಾಡ್ರಿ ಮತ್ತ. ಈ ಸಲ ನನಗ, ಒಳಗ ಬಂದು ನಿಮ್ಮ ಕೈಲೇ ಇಡ್ರಿ ಅಂದಾರ ಸಿಸ್ಟರ್."

ಭೀಮಶಿ ಮಾತು ತಿರುಗಿಸಿದ. "ಆ ಹುಡುಗಿ ಹೂ ಮೂಸತೈತಲ್ಲ..."

"ನಾನ ಹೇಳೇನ್ರಿ. ದೇವರ ಹೂ, ನಾ ಹೆಂಗ ಮೂಸಲಿ? ನೀವರ ಮೂಸಿ ಹೆಂಗೈತಿ ಹೇಳ್ರಿ ಅಂದಿದ್ನಿ. ಒಮ್ಮೆ ಹಾಲಿನ ಕೆನಿ ಹಂಗ ಅಂತಾರ, ಒಮ್ಮೆ ಕೂಸಿನ ನೆತ್ತಿ ಹಂಗ ಅಂತಾರ. ಹುಚ್ಚಿ!"

ಆಗಲೇ ಹೇಳಿಬಿಡಬೇಕಿತ್ತು. "ಹೂಂ," ಎಂದ. ಆಮೇಲೆ ಫೋನಿನಲ್ಲಿ ಪ್ರತಿಸಲ ಆಕೆ "ಮೊಗ್ಗು ಬಂದಾವೇನ್ರಿ?" ಅನ್ನುವಳು, ಅವನು "ಬರಾಕತ್ತಾವ" ಅನ್ನುವನು.

ಈಸ್ಟರ್ ಹಿಂದಿನ ದಿನ ಭರಮವ್ವ ಬಸ್ಸಿಳಿದವಳೇ ಹೊಲಕ್ಕೆ ಬಂದಳು. ಬಾವಿಕಟ್ಟೆಯ ಮೇಲೆ, ಭೀಮಶಿ ಪ್ಯಾಟೆಯಿಂದ ತಂದಿಟ್ಟ ಕೆಂಪು, ಹಳದಿ ಜರ್ಬೆರಾ. ವಾಸನೆ ಎಂಬುದೇ ಇಲ್ಲದ ಹೂ. ಅವನು ತಲೆ ತಗ್ಗಿಸಿ ಎಲ್ಲ ಹೇಳಿದ. ಆಕೆ ಬೈಯಲಿಲ್ಲ. ವಾಲಿದ್ದ ಒಂದು ಬದನೆ ಸಸಿಯ ಬುಡಕ್ಕೆ ಕಾಲಿಂದ ಮಣ್ಣು ಒತ್ತಿದಳು.

"ಮೊಗ್ಗು ಬರಾಕತ್ತಾವ ಅಂದ್ರೆಲ್ಲ," ಎಂದಳು ಅಷ್ಟೇ. "ಏಳ್ರಿ, ಹೊತ್ತಾತು. ಅವರ ಹಬ್ಬ ಯಾಕ ಕೆಡಬೇಕು?"

ಚರ್ಚಿನಲ್ಲಿ ಮೇಣ, ಧೂಪದ ವಾಸನೆ. ಸಿಸ್ಟರ್ ಬಾಗಿಲಿಗೇ ಓಡಿಬಂದಳು. "ಬರ್ರಿ ಭರಮವ್ವಾರ, ಹೂದಾನಿ ತೊಳದಿಟ್ಟೇನಿ. ಒಳಗ ಬರ್ರಿ."

ಭರಮವ್ವ ಹೊಸ್ತಿಲಲ್ಲೇ ಬುಟ್ಟಿ ಕೊಟ್ಟಳು. "ಇವು ನಾ ಬೆಳದವಲ್ರಿ. ನೀವ ಇಡ್ರಿ."

"ಆದ್ರೇನಾತು? ಬರ್ರಿ."

"ಬ್ಯಾಡ್ರಿ."

"ಸಿಸ್ಟರ್, ತಪ್ಪು ನಂದು..." ಎಂದು ಭೀಮಶಿ ಶುರುಮಾಡಿದ. ಆದರೆ ಸಿಸ್ಟರ್ ನೋಡುತ್ತಿದ್ದದ್ದು ಬೈಕಿನತ್ತ ನಡೆದುಬಿಟ್ಟಿದ್ದ ಭರಮವ್ವನನ್ನು.

ಊರ ದಾರಿ ಅರ್ಧ ಸವೆದ ಮೇಲೆ ಅವನು ಕತ್ತು ಹಿಂದಕ್ಕೆ ತಿರುಗಿಸಿ ಹೇಳಿದ: "ನಾಳೇನ ಗಡ್ಡಿ ತರ್ತೇನಿ. ಮುಂದಿನ ವರ್ಷ..."

"ರಸ್ತೆ ನೋಡಿ ಗಾಡಿ ಹೊಡೀರಿ," ಎಂದಳು ಭರಮವ್ವ.