ಮೂರನೆಯ ಭಾಗದ ಅಳು

ಹತ್ತೊಂಬತ್ತು ನಿಮಿಷದ ಆ ಪ್ರೋಗ್ರೆಸಿವ್ ರಾಕ್ ಹಾಡಿನ ಮೂರನೆಯ ಭಾಗದಲ್ಲಿ ಅಳುವ ಹೆಂಗಸು ಯಾರೆಂದು ಕೇಳುಗರು ಇಪ್ಪತ್ತಾರು ವರ್ಷಗಳಿಂದ ವಿಚಾರಿಸುತ್ತಲೇ ಇದ್ದರು. 1998ರ ಕ್ಯಾಸೆಟ್ಟಿನ ಮೇಲೆ ಆಕೆಯ ಹೆಸರಿರಲಿಲ್ಲ. ಈಗ ಒಂದು ಕಂಪನಿ ಅದನ್ನು ಮತ್ತೆ ಹೊರತರಲು ಹೊರಟಿತ್ತು. ಆಕೆಯ ಒಪ್ಪಿಗೆ ಪತ್ರ ಬೇಕಿತ್ತು. ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಅರುಣಕುಮಾರ ವಿಜಯಪುರದಿಂದ ಸಾರವಾಡದ ಬಸ್ಸು ಹತ್ತಿದ.

ಆಕೆ ಮುರಿಗೆವ್ವ, ಡ್ರಮ್ಮರ್ ಸಾಬಣ್ಣನ ತಾಯಿ. ತಿಕೋಟಾ ರಸ್ತೆಯಲ್ಲಿ ಲಾರಿ ಬಡಿದು ಸಾಬಣ್ಣ ಸತ್ತ ಐದನೆಯ ದಿನ ಆಕೆ ಹಾಡಿಕೊಂಡು ಅಳುವಾಗ ಅರುಣಕುಮಾರ ಟೇಪ್ ರೆಕಾರ್ಡರ್ ಇಟ್ಟಿದ್ದ. ಕೇಳಿಯೇ ಇಟ್ಟಿದ್ದ. "ಅವನ ಹೆಸರು ಹಾಡಿನ್ಯಾಗ ಉಳೀತದ ಯವ್ವಾ" ಎಂದಿದ್ದ. ಅದೊಂದು ಮಾತಿಗೆ ಆಕೆ ಒಪ್ಪಿದ್ದಳು.

"ಬಾ ಯಪ್ಪಾ, ಸಾರವಾಡದ ದಾರಿ ಈಗ ಸಿಕ್ತೇನು?" ಎಂದಳು ಮುರಿಗೆವ್ವ. "ನಿಮ್ಮ ಆ ಧಡಾಬಡಾ ಗದ್ದಲ ಮಂದಿ ಇನ್ನೂ ಕೇಳತಾರೇನು?"

"ಕೇಳತಾರ ಬೇ." ಅರುಣಕುಮಾರ ಒಪ್ಪಿಗೆ ಪತ್ರವನ್ನೂ ಮಸಿಯ ಪ್ಯಾಡನ್ನೂ ಆಕೆಯ ಮುಂದಿಟ್ಟ.

"ಹಂಗಾದ್ರ ಹಚ್ಚು. ನನಗ ಯಾರೂ ಕೇಳಿಸಿಲ್ಲ. ಮೊದಲ ಅವನ ಹೆಸರು, ಆಮ್ಯಾಲೆ ಹೆಬ್ಬಟ್ಟು."

ಅರುಣಕುಮಾರನ ಬೆರಳು ಮೊಬೈಲಿನ ಮೇಲೆ ತಡೆದು ನಿಂತಿತು. ಆ ಅಳುವಿನಲ್ಲಿ ಪ್ರತಿ ಸಾಲಿನ ಕೊನೆಗೂ ಸತ್ತವನ ಹೆಸರು ಕೂಗಬೇಕು. ಸಾಬಣ್ಣ ನುಡಿಸಿಟ್ಟು ಹೋಗಿದ್ದ ಏಳು ಮಾತ್ರೆಯ ತಾಳಕ್ಕೆ ಸಾಲು ಕೂಡುತ್ತಿತ್ತು, ಹೆಸರು ಹೊರಗುಳಿಯುತ್ತಿತ್ತು. ಅವನ ತಾಳ ಮುಟ್ಟಬಾರದೆಂದು ತಂಡದವರೆಲ್ಲ ಹಟ ಹಿಡಿದರು. ಹದಿನಾಲ್ಕು ಕಡೆ ಹೆಸರನ್ನೇ ಕತ್ತರಿಸಿದವನು ಅರುಣಕುಮಾರ.

ಹಚ್ಚಿದ. ಪ್ರತಿ ಸಾಲಿನ ಕೊನೆಗೆ ಮುರಿಗೆವ್ವನ ತುಟಿ ತೆರೆಯುತ್ತಿತ್ತು. ಅಷ್ಟರಲ್ಲಿ ಮುಂದಿನ ಸಾಲು ಬಂದುಬಿಡುತ್ತಿತ್ತು.

"ಎಲ್ಲಿ ಐತಿ?"

"ತಾಳಕ್ಕ ಕೂಡಲಿಲ್ಲ ಯವ್ವಾ. ತಗದೆ."

"ಮೊದಲಿನ ಟೇಪು?"

"ಅದರ ಮ್ಯಾಲೆ ಬ್ಯಾರೆ ಹಾಡು ತುಂಬಿದ್ವಿ." ಅವನು ತಡವರಿಸಿದ. "ಈಗ ಒಮ್ಮೆ ಕೂಗಿದ್ರ ಸೇರಸತೇನಿ."

"ಅವತ್ತು ತಾನಾಗೇ ಬಂದಿತ್ತೋ ತಮ್ಮಾ. ಈಗ ಕೂಗಿದ್ರ ನಾಟಕ ಆಕ್ಕೈತಿ."

ಆಕೆ ಮಸಿಯ ಪ್ಯಾಡನ್ನು ತಾನೇ ಎಳೆದುಕೊಂಡು ಕಾಗದದ ಮೇಲೆ ಹೆಬ್ಬೆರಳು ಒತ್ತಿದಳು.

"ಒಯ್ಯಿ. ಅವನ ಹೆಸರ ಇಲ್ಲಂದಮ್ಯಾಲೆ ಆ ಅಳು ಯಾರದಾದ್ರೇನು."

ಊರ ಬಸ್ ನಿಲ್ದಾಣದಲ್ಲಿ ಬಬಲೇಶ್ವರದ ಕಡೆಯಿಂದ ವಿಜಯಪುರಕ್ಕೆ ಹೊರಟ ಬಸ್ಸು ನಿಂತು, ಹೋಯಿತು. ಹೆಬ್ಬಟ್ಟಿನ ಕಾಗದ ಹಿಡಿದು ನಿಂತಿದ್ದ ಅರುಣಕುಮಾರ ಹತ್ತಲಿಲ್ಲ. ಮುಂದಿನದನ್ನೂ ಹತ್ತಲಿಲ್ಲ.