ಎಂಟು ಅಂಕದ ಬಟ್ಟಲು

ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಮಾದರಿಯನ್ನು ಬಾಯಿಗಿಡುವುದು ನಿಷಿದ್ಧ. ಆ ಕೊರತೆಯನ್ನು ಭಾನುವಾರ ತೀರಿಸಿಕೊಳ್ಳುತ್ತೇನೆ. ಹೆಂಡತಿಯೊಡನೆ ಬಸ್ಸು ಹತ್ತಿ ಯಾವುದಾದರೂ ಹತ್ತಿರದ ಊರಿಗೆ ಹೋಗಿ, ಅಲ್ಲಿನವರು ಮಾತ್ರ ತಿನ್ನುವ, ಕುಡಿಯುವ ವಸ್ತುವನ್ನು ಹುಡುಕಿ, ಬಣ್ಣ, ವಾಸನೆ, ರುಚಿಗಳನ್ನು ಪುಸ್ತಕದಲ್ಲಿ ದಾಖಲಿಸಿ ಹತ್ತಕ್ಕೆ ಅಂಕ ಕೊಡುತ್ತೇನೆ. ನಾನು ಬರೆದು ಮುಗಿಸುವವರೆಗೆ ಅವಳು ಕೈಯಿಡುವಂತಿಲ್ಲ, ಮಾದರಿ ಕಲಕಿಹೋಗುತ್ತದೆ. ಹಾಗಾಗಿ ಎರಡು ವರ್ಷದಿಂದ ಅವಳು ಎಲ್ಲವನ್ನೂ ಆರಿದ ಮೇಲೆಯೇ ತಿಂದಿದ್ದಾಳೆ.

ಕಳೆದ ವಾರ ಬಸ್ಸಿನಲ್ಲಿ ಅವಳು ಪುಸ್ತಕವನ್ನು ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. "ರೀ, ಇವತ್ತು ಒಂದಕ್ಷರ ಬರೆದ್ರೂ ಮುಂದಿನ ಭಾನುವಾರದಿಂದ ನಾನು ಅಕ್ಕನ ಮನೆಗೆ ಹೋಗ್ತೀನಿ. ನೀವು ನಿಮ್ಮ ನಾಲಿಗೆ ಜೊತೆ ಊರೂರು ತಿರುಗಿ."

"ಆಯ್ತಮ್ಮ, ಬರೆಯಲ್ಲ."

ನದಿಯ ದಡದಲ್ಲಿ ಒಬ್ಬ ಅಜ್ಜಿ ಒಣಮೀನನ್ನೂ ಯಾವುದೋ ಕಾಡುಬೇರಿನ ಬಿಸಿ ಕಷಾಯವನ್ನೂ ಮಾರುತ್ತಿದ್ದಳು. ನಾವು ಕೂತದ್ದೇ ಒಂದು ಮಣ್ಣಿನ ಬಟ್ಟಲು ತಂದಿಟ್ಟು ಒಳಗೆ ಹೋದಳು. ನಾನು ಕನ್ನಡಕ ತೆಗೆದು ಚೆನ್ನಾಗಿ ಒರೆಸಿ ಹಾಕಿಕೊಂಡೆ. ತೆಳು ಕಂದು ಬಣ್ಣ, ತೇಲುವ ಒಂದು ಎಲೆ. ಬೆಳಕಿಗೆ ಹಿಡಿದೆ, ಮೂಸಿದೆ, ಗುಟುಕನ್ನು ಬಾಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ಹೊರಳಾಡಿಸಿ ನುಂಗಿದೆ. ಖಚಿತವಾಗಲೆಂದು ಇನ್ನೆರಡು ಗುಟುಕು. ತಡೆಯಲಾಗಲಿಲ್ಲ. ಜೇಬಿನ ಮೋಟು ಪೆನ್ಸಿಲಿನಿಂದ ಬಸ್ ಟಿಕೆಟಿನ ಹಿಂದೆ ಗೀಚಿದೆ: 'ಹೊಗೆಯ ಛಾಯೆ. ಕಬ್ಬಿಣ ಸ್ಪಷ್ಟ. ಸಂಯಮವುಳ್ಳ ಪೇಯ. ಎಂಟು.'

ಹೆಂಡತಿ ನೋಡಿದಳು. ಚೀಲವನ್ನು ಮಡಿಲಿಗೆ ಎಳೆದುಕೊಂಡು ಬಸ್ ನಿಲ್ದಾಣದ ಕಡೆಗೆ ಮುಖ ತಿರುಗಿಸಿದಳು. ಬೈದಿದ್ದರೆ ನನಗೆ ಧೈರ್ಯವಿರುತ್ತಿತ್ತು.

ಅಷ್ಟರಲ್ಲಿ ಅಜ್ಜಿ ಮೀನನ್ನೂ ಎರಡು ಲೋಟ ಕಷಾಯವನ್ನೂ ತಂದು, ಬಟ್ಟಲಿಗೆ ಇಣುಕಿದಳು. "ಅರ್ಧ ಎಲ್ಲಿ ಹೋಯ್ತಪ್ಪ?"

"ಕುಡಿದೆ. ತುಂಬಾ ಚೆನ್ನಾಗಿದೆ ಅಜ್ಜಿ."

"ಅದು ಕೈ ತೊಳೆಯೋ ನೀರು ಕಣಪ್ಪ. ಕಬ್ಬಿಣದ ಪಾತ್ರೇಲಿ, ಸೌದೆ ಒಲೆ ಮೇಲೆ ಕಾಯ್ಸಿದ್ದು. ಪುಣ್ಯಕ್ಕೆ ಯಾರೂ ಕೈ ಅದ್ದಿರ್ಲಿಲ್ಲ."

"ನಾನು ಅದ್ದಿದ್ದೆ ಅಜ್ಜಿ," ಎಂದಳು ಹೆಂಡತಿ. "ಇವರು ಕನ್ನಡಕ ಒರೆಸ್ತಿದ್ರಲ್ಲ, ಆಗ."

ನಾನು ಅವಳನ್ನೇ ನೋಡಿದೆ. "ಹೇಳಬಾರದಿತ್ತಾ?"

"ಹೇಳೋಣ ಅಂದ್ಕೊಂಡೆ. ಮಾದರಿ ಕಲಕಬಾರದು ನೋಡಿ."

ಅಷ್ಟು ಹೇಳಿ ನಗತೊಡಗಿದಳು. ಅಜ್ಜಿಯ ಭುಜ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಹೊಗೆಯೂ ಕಬ್ಬಿಣವೂ ಸರಿಯಾಗಿಯೇ ಇದ್ದವು ಎಂದು ವಾದಿಸಲು ಬಾಯಿ ತೆರೆದವನು, ಜೀವಮಾನದಲ್ಲಿ ಒಮ್ಮೆಯಾದರೂ ವಿವೇಕ ತೋರಿ ಮುಚ್ಚಿಕೊಂಡೆ.

ಹಬೆಯಾಡುತ್ತಿದ್ದ ಲೋಟವನ್ನು ಅವಳೇ ಮೊದಲು ಎತ್ತಿದಳು. ಊದಿ ಊದಿ ಕುಡಿದಳು. ನನ್ನ ಲೋಟ ಮುಂದೆಯೇ ಇದ್ದರೂ ನಾನು ಮುಟ್ಟದೆ ಕಾದೆ.

"ಹೂಂ, ಬರ್ಕೊಳ್ಳಿ. ಆರು."

"ಮುಂದಿನ ಭಾನುವಾರ ಬರ್ತೀಯಾ?"

"ಬರ್ತೀನಿ. ಬಿಸಿಯಾಗಿರೋದು ಮೊದಲು ನನಗೆ. ನಿಮಗೆ ಆರಿದ್ದು."

ಟಿಕೆಟಿನಲ್ಲಿ ಎಂಟರ ಕೆಳಗೆ ಆರು ಎಂದು ಬರೆದೆ. ಅವಳು ಕೈ ತೊಳೆದ ನೀರಿಗಿಂತ ಎರಡು ಅಂಕ ಕಡಿಮೆ.