‘ಆತು’ ಎಂದರೆ ಒಪ್ಪದ ಅಕ್ಕೋರು

ಗಣಪಿ ಅಕ್ಕೋರ ಎದುರು ‘ಆತು’ ಎಂದು ಹೇಳಿ ಸಲೀಸಾಗಿ ಪಾರಾದವರು ಭಟ್ಕಳದ ಆಸುಪಾಸಿನಲ್ಲಿ ಒಬ್ಬರೂ ಇರಲಿಕ್ಕಿಲ್ಲ. ನಮ್ಮ ಕರಾವಳಿಯ ಬಾಯಲ್ಲಿ ದಿನಕ್ಕೆ ನೂರು ಸಲ ಉದುರುವ ಈ ಎರಡಕ್ಷರದ ಮಾತು ಎಂಥ ಸುಖದ ಮಾತು ನೋಡಿ: ಕೆಲಸ ಮುಗಿಯಿತು ಎನ್ನುವುದಕ್ಕೂ ಅದೇ, ಆಗಲಿ ಮಾಡುತ್ತೇನೆ ಎನ್ನುವುದಕ್ಕೂ ಅದೇ, ಮಾತು ಸಾಕೆನಿಸಿ ಪಂಚೆ ಕೊಡವಿ ಏಳುವುದಕ್ಕೂ ಅದೇ. ಅಕ್ಕೋರ ಕಿವಿಗೆ ಅದು ಬಿತ್ತೋ, ನಡೆಯುತ್ತಿದ್ದ ಕಾಲು ಅಲ್ಲೇ ನಿಲ್ಲುತ್ತಿತ್ತು. "ಎಂತ ಆತು? ಆಗಿ ಹೋದ ಆತೋ, ಇನ್ನು ಆಗಬೇಕಾದ ಆತೋ? ಸಮಾ ಹೇಳು." ಮೀನು ಮಾರುವವಳಿಗೂ ಇದೇ ಪ್ರಶ್ನೆ, ಬಸ್ಸಿನ ಕಂಡಕ್ಟರನಿಗೂ ಇದೇ. ಶಾಲೆ ನೋಡಲು ಬಂದ ಸಾಹೇಬರೊಬ್ಬರು ಅವರ ಅರ್ಜಿಗೆ "ಆತು, ಆತು" ಎಂದು ತಲೆಯಾಡಿಸಿ ಹೊರಟಾಗ, ಜೀಪಿನ ಬಾಗಿಲು ಹಿಡಿದು ನಿಲ್ಲಿಸಿ, ಎರಡರಲ್ಲಿ ಅದು ಯಾವ ಆತು ಎಂದು ವಿಚಾರಿಸಿದ್ದೂ ಉಂಟು. ಶಾಲೆ ಕಲಿಸುವ ಹೆಂಗಸರಿಗೆಲ್ಲ ನಮ್ಮ ಕಡೆ ಅಕ್ಕೋರು ಎಂದೇ ಹೆಸರು. ಮಕ್ಕಳು ಬೆನ್ನ ಹಿಂದೆ ಇವರಿಗೆ ‘ಆತು ಅಕ್ಕೋರು’ ಎಂದು ಇನ್ನೊಂದು ಹೆಸರಿಟ್ಟು ಕಿಸಕ್ಕನೆ ನಗುತ್ತಿದ್ದರು. ಅವರ ಒಬ್ಬಳೇ ಮಗಳು ವೀಣಾಗೆ ಮಾತ್ರ ಈ ನಗು ಬರುತ್ತಿರಲಿಲ್ಲ. ಆ ಮಾತಿನ ಹಿಂದೆ ಎಂಥ ಹೆದರಿಕೆ ಕೂತಿದೆಯೆಂದು ಅವಳಿಗೆ ಗೊತ್ತಿತ್ತು.

ಅಕ್ಕೋರು ಹೆದರುಪುಕ್ಕಲಿ. ಇದನ್ನು ಮುಚ್ಚಿಟ್ಟು ಫಲವಿಲ್ಲ. ಗಾಳಿಗೆ, ಗುಡುಗಿಗೆ, ಹೆದ್ದಾರಿಯ ಟ್ಯಾಂಕರುಗಳಿಗೆ, ಕಟ್ಟೆಯಿಲ್ಲದ ಬಾವಿಗೆ, ಮಕ್ಕಳ ಬಾಯೊಳಗಿನ ಹುಣಸೆಬೀಜಕ್ಕೆ, ಎಲ್ಲದಕ್ಕೂ ಹೆದರುತ್ತಿದ್ದರು. ನಡಿಗೆಯಲ್ಲೇ ಅದು ಕಾಣುತ್ತಿತ್ತು: ಗಂಡಸರು ಹಿಡಿಯುವಂಥ ಉದ್ದ ಕಪ್ಪು ಕೊಡೆಯ ಮೊನೆಯನ್ನು ಮೊದಲು ಊರಿ, ನೆಲ ನೆಲವೇ ಹೌದೆಂದು ಖಾತ್ರಿಮಾಡಿಕೊಂಡು, ಆಮೇಲೆ ಹೆಜ್ಜೆ. "ಅಕ್ಕೋರೆ, ಡಾಂಬ್ರು ಕುಸಿದು ಹೋಗೂದಿಲ್ಲ" ಎಂದು ಅವರ ಮನೆಯಿದ್ದ ಜಾಲಿ ಊರಿನ ಅಂಗಡಿಯವರು ಚೇಷ್ಟೆ ಮಾಡಿದರೆ, "ಡಾಂಬ್ರು ನಿಮ್ಗೆ ಹಾಂಗೆ ಬರ್ದು ಕೊಟ್ಟಿದ್ಯಾ?" ಎಂದು ಕೇಳಿ ಮುಂದೆ ಸಾಗುವರು. ಜೂನಿನಿಂದ ಸೆಪ್ಟೆಂಬರಿನವರೆಗೆ ಸೀರೆಯ ಮೇಲೊಂದು ನೀಲಿ ಕೋಟು, ಬೋಟಿನವರು ತೊಡುವ ದಪ್ಪ ಪ್ಲಾಸ್ಟಿಕ್ಕಿನದು, ಮೊಣಕಾಲು ದಾಟುವಷ್ಟು ಉದ್ದ. ಅದು ಗಂಡ ಸುಧಾಕರನದು. ಆಕಾಶದಲ್ಲಿ ಮೋಡದ ಸುಳಿವೇ ಇಲ್ಲದ ಒಂದು ಮುಂಜಾನೆ "ಇವತ್ತು ಇದೆಂತಕ್ಕೆ?" ಎಂದು ಕೋಟನ್ನು ಗೂಟಕ್ಕೆ ಸಿಕ್ಕಿಸಿ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಬೋಟಿನ ಹಲಗೆ ಸಿಕ್ಕಿತು, ಅವನು ಸಿಕ್ಕಲಿಲ್ಲ. ಆಗ ವೀಣಾಗೆ ಹನ್ನೊಂದು ತಿಂಗಳು, ಅಕ್ಕೋರಿಗೆ ಮೂವತ್ತೆರಡು ವರ್ಷ.

ಮತ್ತೊಂದು ಮದುವೆಯ ಮಾತು ತಂದವರಿಗೆ ಚಾ ಕೊಟ್ಟು ಕಳಿಸಿದರು. ಮೀನು ತಿನ್ನುವುದನ್ನೇನೂ ಬಿಡಲಿಲ್ಲ, "ಮೀನು ಪಾಪ, ಅದೆಂತ ಮಾಡಿತ್ತು? ಮಾಡಿದ್ದೆಲ್ಲ ಗಾಳಿ" ಎನ್ನುತ್ತಿದ್ದರು. ಆದರೆ ಕೂಗಳತೆಯ ಕಡಲಿಗೆ ಮುಖಮಾಡಿ ಅವರು ಕೂತದ್ದನ್ನು ಮಗಳು ನೋಡಲೇ ಇಲ್ಲ. ಪಡುವಣ ಕಿಟಕಿ ಮುಚ್ಚಿದ್ದು ಮುಚ್ಚಿದ್ದೇ. ಲೋಕದಲ್ಲಿ ತನಗೆ ಉಳಿದದ್ದು ಈ ಒಂದು ಕೂಸು, ನೀರು ಇದನ್ನೂ ಕೇಳಿಬಿಟ್ಟರೆ ಏನು ಗತಿ ಎಂಬ ಭಯ ಅವರ ಎದೆಯಲ್ಲಿ ಮನೆಮಾಡಿತ್ತು.

ಅಂಥವರ ಹಣೆಯಲ್ಲಿ ಬರೆದದ್ದು ಹೊಳೆಯಾಚೆಯ ಶಾಲೆ. ಶಿರಾಲಿಯಿಂದ ಒಳಗೆ, ಗದ್ದೆಬಯಲು ಕಳೆದ ಮೇಲೆ ಒಂದು ಕೇರಿ. ಕೇರಿಯ ಅಂಚಿಗೆ ಹೊಳೆ. ಹೊಳೆಯ ಆಚೆ ದಡದಲ್ಲಿ ಎರಡು ಕೋಣೆಯ ಶಾಲೆ. ನಡುವೆ ಅಡಿಕೆಮರಗಳನ್ನು ಜೋಡಿಸಿ ಕಟ್ಟಿದ ಕಾಲುಸಂಕ. ಬೇಸಗೆಯಲ್ಲಿ ಮೊಣಕಾಲುದ್ದ ನೀರು, ಆಷಾಢದಲ್ಲಿ ಅದೇ ನೀರು ಸಂಕದ ಹೊಟ್ಟೆಯನ್ನು ಮುಟ್ಟುತ್ತಿತ್ತು. ಮಳೆಗಾಲದ ಪ್ರತಿ ಸಂಜೆಗೂ ಅಕ್ಕೋರು ಒಂದು ಕ್ರಮ ಹಾಕಿದ್ದರು. ಬಿಸಿಯೂಟ ಮಾಡುವ ಸೋಮಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ದಾಟಿಸಬೇಕು. ತಾವು ಕೇರಿಯ ದಡದಲ್ಲಿ ನಿಂತು, ದಾಟಿಬಂದ ಪ್ರತಿಯೊಂದು ತಲೆಯನ್ನೂ ಕೈಯಿಂದ ಮುಟ್ಟಿ ಎಣಿಸಬೇಕು. ಬರೀ ಕಣ್ಣಿನ ಎಣಿಕೆ ಅವರಿಗೆ ಎಣಿಕೆಯೇ ಅಲ್ಲ. ಅದೇ ಶಾಲೆಯ ಮೂರನೇ ಇಯತ್ತೆಯಲ್ಲಿದ್ದ ವೀಣಾಳ ಸರದಿ ಎಲ್ಲರಿಗಿಂತ ಕೊನೆಗೆ. "ನನ್ನ ಮಗಳನ್ನ ಮೊದ್ಲು ದಾಟ್ಸಿ, ಊರವ್ರ ಮಕ್ಕಳನ್ನ ನೀರಂಚಿಗೆ ನಿಲ್ಲಿಸೂಕಾಗ್ತದ್ಯಾ?" ಎನ್ನುವರು. ಶಾಲೆಯ ಅಂಗಳದೊಳಗೆ ಅವಳು ಅಮ್ಮ ಎಂದು ಕರೆಯುವ ಹಾಗೂ ಇರಲಿಲ್ಲ. ಎಲ್ಲರಂತೆ ಅಕ್ಕೋರೆ ಎನ್ನಬೇಕು.

ವೀಣಾಗೆ ಎಂಟು ತುಂಬಿದ ವರ್ಷದ ಆಷಾಢ. ಅಂದು ಮಧ್ಯಾಹ್ನವೇ ಘಟ್ಟದ ಕಡೆ ಆಕಾಶ ಕಪ್ಪಿಟ್ಟದ್ದನ್ನು ಕಂಡು ಅಕ್ಕೋರು ಎರಡು ಗಂಟೆಗೇ ಶಾಲೆ ಬಿಟ್ಟರು. ಇಪ್ಪತ್ತಾರು ಮಕ್ಕಳು. ದಾಟಿಸುತ್ತ ದಾಟಿಸುತ್ತ ನೀರು ಏರಿತು; ಇಪ್ಪತ್ತೈದನೆಯ ತಲೆ ಮುಟ್ಟುವ ಹೊತ್ತಿಗೆ ಮಳೆ ಯಾವ ಪರಿ ಹೊಡೆಯಿತೆಂದರೆ ಆಚೆ ದಡವೇ ಕಾಣದಾಯಿತು. ಚಿಕ್ಕ ಮಕ್ಕಳು ಚಳಿಗೂ ಭಯಕ್ಕೂ ನಡುಗಿ ಅಳತೊಡಗಿದವು. ಅವನ್ನು ದರೆಯ ದಿಬ್ಬದ ಮೇಲಿನ ಮನೆಯೊಂದರ ಜಗಲಿಗೆ ಹತ್ತಿಸಿದ ಅಕ್ಕೋರು, ಕೆಳಗೆ ಸಂಕದ ಬಾಯಲ್ಲಿ ನಿಂತ ಸೋಮಿಗೆ ಅಲ್ಲಿಂದಲೇ ಕೂಗಿ ಕೇಳಿದರು: "ಸೋಮೀ, ವೀಣಾನ ದಾಟ್ಸೂದು ಆತನೇ?"

ಪ್ರಶ್ನೆಯ ಬಾಲವನ್ನು ಮಳೆ ನುಂಗಿತು. ಸೋಮಿಗೆ ಕೇಳಿದ್ದು ವೀಣಾನ ದಾಟಿಸು ಎಂಬಷ್ಟೇ. "ಆತು ಅಕ್ಕೋರೇ!" ಎಂದು ಅವಳೂ ಕೂಗಿದಳು. ಇಗೋ ಹೋಗಿ ಕರೆತರುತ್ತೇನೆ ಎಂದು ಅವಳ ಅರ್ಥ. ದಾಟಿಸಿಯಾಯಿತು ಎಂದು ಇವರ ಅರ್ಥ. ಯಾರದು ತಪ್ಪು ಹೇಳಿ? ಇಬ್ಬರೂ ಆಡಿದ್ದು ನಮ್ಮೂರಿನ ಅಪ್ಪಟ ಕನ್ನಡವೇ. ಮಗಳು ಸೋಮಿಯ ಬೆನ್ನಿಗೇ ಇದ್ದಾಳೆಂದು ನಂಬಿದ ಅಕ್ಕೋರು ಮಕ್ಕಳನ್ನು ಮನೆಮನೆಗೆ ಮುಟ್ಟಿಸಲು ಹೊರಟರು. ತಲೆ ಮುಟ್ಟದೆ ಬರೀ ಮಾತನ್ನು ನಂಬಿದ್ದು ಜೀವಮಾನದಲ್ಲಿ ಅದೊಂದೇ ಸಲ. ಇತ್ತ ಸೋಮಿ ಸಂಕದ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ಹೊಳೆಯಲ್ಲಿ ತೇಲಿಬಂದ ದೊಡ್ಡ ಮರವೊಂದು ಅದರ ನಡುವಿಗೆ ಬಡಿಯಿತು. ಅಡಿಕೆಮರಗಳು ಒಂದೊಂದಾಗಿ ಕಳಚಿಕೊಂಡು ನೀರಿನ ಪಾಲಾದವು. ಸೋಮಿ ಬಾಯಿ ಬಡಿದುಕೊಳ್ಳುತ್ತ ಅಕ್ಕೋರನ್ನು ಹುಡುಕಿಕೊಂಡು ಕೇರಿಗೆ ಓಡಿದಳು.

ಆಚೆ ದಡದಲ್ಲಿ ವೀಣಾ ಒಬ್ಬಳೇ. ಪಾಟೀಚೀಲ ಬೆನ್ನಿಗೇರಿಸಿ ಜಗಲಿಯ ತುದಿಯಲ್ಲಿ ಕಾದಳು. ಸೋಮಕ್ಕ ಬರಲಿಲ್ಲ. ನೀರು ಬಂತು. ಮೊದಲು ಅಂಗಳಕ್ಕೆ, ಆಮೇಲೆ ಮೆಟ್ಟಿಲಿಗೆ, ಆಮೇಲೆ ಸದ್ದಿಲ್ಲದೆ ಕೋಣೆಯೊಳಗೆ. ಅಡುಗೆಕೋಣೆಯ ಸೌಟು ತೇಲುತ್ತ ತರಗತಿಯೊಳಗೆ ಬಂತು. ಅದರ ಹಿಂದೆಯೇ ಒಂದು ಹಾವು, ಅದೂ ಹೆದರಿದ ಹಾವೇ, ಗೋಡೆಗುಂಟ ಜಾಗ ಹುಡುಕುತ್ತ ಹೋಯಿತು. ವೀಣಾ ಬೆಂಚು ಹತ್ತಿ ಹೊಳೆಯ ಕಡೆಗಿದ್ದ ಕಿಟಕಿಯ ಕಟ್ಟೆಯಲ್ಲಿ ಮುದುಡಿ ಕೂತಳು. ಅತ್ತರೆ ತನ್ನ ಅಳು ತನಗೇ ಕೇಳದಷ್ಟು ಹೊಳೆಯ ಭೋರ್ಗರೆತ. ಅಪ್ಪನನ್ನು ಒಯ್ದದ್ದು ಹೀಗೆಯೇ ಇರಬೇಕು, ತನ್ನನ್ನೂ ಒಯ್ಯುತ್ತದೆ ಎಂದು ಅವಳಿಗೆ ಖಚಿತವಾಗಿ ಅನಿಸಿತು. ಆ ಹೆದರಿಕೆಯ ರುಚಿ, ನಾಣ್ಯವನ್ನು ನಾಲಿಗೆಯ ಮೇಲಿಟ್ಟ ಹಾಗಿತ್ತು, ಇಂದಿಗೂ ಅವಳಿಗೆ ನೆನಪಿದೆ.

ಎಷ್ಟು ಹೊತ್ತಾಯಿತೋ, ಮಳೆಯ ಪರದೆ ಸ್ವಲ್ಪ ಸರಿಯಿತು. ಆಚೆ ನೀಲಿ ಕೋಟು ಕಂಡಿತು. ಅಮ್ಮಾ ಎಂದು ಚೀರಿದ ವೀಣಾ ಕಿಟಕಿಯಿಂದ ಇಳಿದು, ಸೊಂಟದವರೆಗಿನ ನೀರಿನಲ್ಲಿ ಬಾಗಿಲ ಕಡೆಗೆ ಹೊರಟೇಬಿಟ್ಟಳು. ಅಮ್ಮ ಹಾರುತ್ತಾಳೆ, ತಾನೂ ಅರ್ಧ ದಾರಿ ಹೋಗಬೇಕು ಎಂದಷ್ಟೇ ಅವಳ ಬುದ್ಧಿಗೆ ತೋಚಿದ್ದು. ಆಗ ನೀಲಿ ಕೋಟಿನ ಬಲಗೈ ಮೇಲೇರಿತು. ಅಂಗೈ ಕೆಳಮುಖವಾಗಿ ಗಾಳಿಯನ್ನು ಒತ್ತಿತು. ತರಗತಿಯಲ್ಲಿ ಗಲಾಟೆಯಾದಾಗ ಅಕ್ಕೋರು ಮಾತಿಲ್ಲದೆ ತೋರುವ ಸನ್ನೆ ಅದು: ಕೂತ್ಕೊ. ವೀಣಾ ಹಿಂದಕ್ಕೆ ಹೋಗಿ ಕಿಟಕಿ ಹತ್ತಿ ಕೂತಳು. ಮಗಳಾಗಿದ್ದರೆ ಓಡಿಬರುತ್ತಿದ್ದಳೇನೋ, ಶಾಲೆಯ ಮಗುವಾದ್ದರಿಂದ ಕೂತಳು. ಎರಡು ತಾಸು ಆ ಕೈ ಇಳಿಯಲಿಲ್ಲ. ಸುಧಾಕರನ ಜೊತೆಗೆ ಬೋಟಿನಲ್ಲಿ ದುಡಿದಿದ್ದ ಬೀರಪ್ಪ ಸುದ್ದಿ ಕೇಳಿ ಓಡಿಬಂದು, ಸೆಳೆತ ಇಳಿಯುವುದನ್ನೇ ಕಾದು, ಸೊಂಟಕ್ಕೆ ಬೋಟಿನ ಹಗ್ಗ ಬಿಗಿದು ಈಜಿ, ಹುಡುಗಿಯನ್ನು ಹೆಗಲ ಮೇಲೆ ತಂದು ದಡಕ್ಕಿಳಿಸಿದ. ಅಕ್ಕೋರು ಎಡಗೈಯಿಂದ ಮಗಳ ತಲೆ ಮುಟ್ಟಿ "ಇಪ್ಪತ್ತಾರು" ಎಂದರು. ಆಮೇಲೆ ಕೆಸರಿನಲ್ಲೇ ಕೂತರು. ಸೆಟೆದುಹೋಗಿದ್ದ ಬಲಗೈಯನ್ನು ಸೋಮಿ ಅಳುತ್ತಳುತ್ತ ತಿಕ್ಕಿ ಕೆಳಗಿಳಿಸಬೇಕಾಯಿತು.

ಊರಿನ ಬಾಯಿಗೆ ಬಾಗಿಲಿದೆಯೇ? "ಎಂತಾ ತಾಯಿ ಮಾರಾಯ್ರೆ, ಮಗಳು ನೀರಲ್ಲಿದ್ರೆ ಕೈ ಎತ್ಕಂಡು ನಿಂತಿದ್ಲು" ಎಂದು ಆಡಿಕೊಂಡರು. ಅಕ್ಕೋರು ಸೋಮಿಯನ್ನೂ ಬೈಯಲಿಲ್ಲ, ಊರವರಿಗೂ ಉತ್ತರಿಸಲಿಲ್ಲ. "ತಪ್ಪು ಸೋಮಿದಲ್ಲ, ಆ ಮಾತಿಂದು" ಎಂದು, ಅಂದಿನಿಂದ ಆ ಮಾತಿನ ಬೆನ್ನುಹತ್ತಿದರು. ಆದರೆ ಊರಿನ ಮಾತು ಮಗಳ ಮನಸ್ಸಿನಲ್ಲೂ ಮುಳ್ಳಾಗಿ ಉಳಿದಿತ್ತು. ಹದಿನಾರರ ಹರೆಯದಲ್ಲಿ, ಯಾವುದೋ ಕ್ಷುಲ್ಲಕ ಜಗಳದ ನಡುವೆ, "ಅವತ್ತು ನೀ ಯಾಕೆ ಹಾರಲಿಲ್ಲ? ನಿಂಗೆ ನಿನ್ನ ಜೀವದ ಹೆದ್ರಿಕೆ" ಎಂದುಬಿಟ್ಟಳು.

ಅಕ್ಕೋರು ಬಂಗಡೆ ಮೀನು ಹೆಚ್ಚುತ್ತಿದ್ದರು. ಕೈ ನಿಲ್ಲಿಸಿದರು, ತಲೆ ಎತ್ತಲಿಲ್ಲ.

"ನಾ ಹಾರಿದ್ರೆ ನೀ ನೋಡ್ತಿದ್ದೆ. ನೋಡಿದ್ರೆ ನೀನೂ ಹಾರ್ತಿದ್ದೆ. ನನ್ನ ಕಾಲು ನೀರಿಗೇ ಎಳೀತಿತ್ತು ಮಗಾ, ಹೆಬ್ಬೆರಳನ್ನ ಮಣ್ಣಲ್ಲಿ ಊರಿ ನಿಂತಿದ್ದೆ."

ವೀಣಾ ಅಂದು ಊಟ ಮಾಡಲಿಲ್ಲ. ತಾಯಿಯ ಕಾಲಿಗೆ ಬಿದ್ದು ಅಳಬೇಕೆನಿಸಿತು, ಅದನ್ನೂ ಮಾಡಲಿಲ್ಲ. ಹದಿನಾರರ ಬಿಂಕ ಬಿಡಬೇಕಲ್ಲ. ಮುಂದೆ ಹೊನ್ನಾವರದಲ್ಲಿ ಕಾಲೇಜು ಮುಗಿಸಿ, ಕುಮಟೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಜಾಲಿಯಿಂದ ದಿನಾ ಬಸ್ಸು. ನಡುವೆ ಶರಾವತಿಯ ಸೇತುವೆ. ಬಸ್ಸು ಆ ಸೇತುವೆಯನ್ನು ಏರುವ ಹೊತ್ತು ಅಕ್ಕೋರಿಗೆ ಬಾಯಿಪಾಠ. ಸರಿಯಾಗಿ ಆಗಲೇ ಫೋನು. "ಎಲ್ಲಿದ್ದೆ?" ಸೇತುವೆ ಇಳಿದ ಮೇಲೆ ಮತ್ತೊಂದು. "ದಾಟ್ತಾ?" ಅಕ್ಕಪಕ್ಕದ ಸೀಟಿನವರು ಮುಸಿಮುಸಿ ನಗುವರು. ವೀಣಾ ರೇಗುವಳು, ಒಮ್ಮೆ ಸಿಟ್ಟಿನಿಂದ ಫೋನನ್ನೇ ಆರಿಸಿಟ್ಟಳು. ಅಂದು ಅಕ್ಕೋರು ಮುಂದಿನ ಬಸ್ಸು ಹತ್ತಿ ಕುಮಟೆಯ ಲ್ಯಾಬಿನ ಬಾಗಿಲಿಗೇ ಬಂದು, ಮಗಳನ್ನು ಕಣ್ಣಾರೆ ಕಂಡು, ನೀರು ಸಹ ಕುಡಿಯದೆ ತಿರುಗಿ ಹೋದರು. ಆಮೇಲೆ ಅವಳು ಫೋನು ಆರಿಸಲಿಲ್ಲ.

ನಿವೃತ್ತರಾದ ಮರುವರ್ಷದ ಚೈತ್ರದಲ್ಲಿ, ಒಂದು ಬೆಳಿಗ್ಗೆ, ಚಾ ಲೋಟ ಕೈಯಲ್ಲಿರುವಾಗಲೇ ಅಕ್ಕೋರ ಎದೆಬಡಿತ ನಿಂತಿತು. ಅವರು ಹೆದರುತ್ತಿದ್ದ ನೂರೆಂಟು ಸಾವುಗಳಲ್ಲಿ ಇದು ಇರಲೇ ಇಲ್ಲ. ಹದಿಮೂರು ದಿನಗಳಲ್ಲಿ ವೀಣಾ ಹೆಚ್ಚು ಅಳಲಿಲ್ಲ. ಗಟ್ಟಿ ಹೆಣ್ಣು, ತಾಯಿಯ ಹಾಗಲ್ಲ ಎಂದು ಬಂದವರು ಹೊಗಳಿದರು. ಅವಳಿಗೂ ಅದು ನಿಜವೆನಿಸಿತು.

ಆಷಾಢ ಬಂತು. ಒಂದು ಬೆಳಿಗ್ಗೆ ಸುರಿಮಳೆಯಲ್ಲಿ ಬಸ್ಸು ಶರಾವತಿಯ ಸೇತುವೆ ಏರಿತು. ಕೈಯಲ್ಲಿದ್ದ ಫೋನು ಸುಮ್ಮನಿತ್ತು. ವೀಣಾ ಮುಖ ತಿರುಗಿಸಿ ಕಿಟಕಿಯಿಂದ ಕೆಳಗೆ ನೋಡಿದಳು. ಆ ಸೇತುವೆಯನ್ನು ಅವಳು ಸಾವಿರ ಸಲ ದಾಟಿದ್ದಾಳೆ; ಅದರ ಕೆಳಗೆ ಅಷ್ಟೊಂದು ನೀರಿದೆಯೆಂದು ಕಂಡದ್ದು ಅಂದೇ. ಕೆಂಪಗೆ, ದಡವಿಲ್ಲದೆ, ಕಡಲಿನವರೆಗೂ ನೀರು. ಅವಳು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಗಳಿಂದ ಹಿಡಿದಳು, ಪಕ್ಕದಲ್ಲಿ ಕೂತ ಅಪರಿಚಿತ ಮುದುಕಿ "ಎಂತ ಆತು ಮಗಾ?" ಎಂದು ಕೇಳಿದಾಗ ಕಿಟಕಿಯಿಂದ ಸರಿದು ಅವಳಿಗೆ ಒತ್ತಿ ಕೂತಳು.

ಧೈರ್ಯವಂತರ ಕತೆಯನ್ನು ಊರು ಹೇಳಿಕೊಂಡು ತಿರುಗುತ್ತದೆ, ಹೆದರುವವರನ್ನು ಕಂಡರೆ ಚೇಷ್ಟೆ ಮಾಡುತ್ತದೆ. ಅದು ಊರಿನ ಸ್ವಭಾವ. ಆದರೆ ಗಣಪಿ ಅಕ್ಕೋರಂಥ ಹೆಂಗಸರು ತಮ್ಮೊಬ್ಬರ ಹೆದರಿಕೆಯನ್ನಷ್ಟೇ ಹೆದರುವವರಲ್ಲ, ತಮ್ಮವರ ಪಾಲಿನದನ್ನೂ ಅವರ ಕೈಗೆ ಕೊಡದೆ ತಾವೇ ಹೆದರಿ ಮುಗಿಸುತ್ತಾರೆ. ಅವರಿರುವಷ್ಟು ಕಾಲ ನಾವು ನಮ್ಮನ್ನು ಗಟ್ಟಿಗರೆಂದು ತಿಳಿದುಕೊಂಡು ಅವರ ಮೇಲೆ ರೇಗುತ್ತಿರುತ್ತೇವೆ. ಅವರು ಹೋದ ಮೇಲೆ, ಅಷ್ಟು ವರ್ಷ ಅವರು ತಡೆದು ನಿಲ್ಲಿಸಿದ್ದ ನಮ್ಮ ಪಾಲು ನಮ್ಮನ್ನೇ ಹುಡುಕಿಕೊಂಡು ಬರುತ್ತದೆ.